ತೋಟ ಮಾಡಿಕೊಳ್ಳಿ ಎಂದು ಬಂದ ಕಾಗದ

ಸಾರಳ ಹೆಸರು ಕೇಳಿದರೆ ಒಂದು ಕಾಲಕ್ಕೆ ನನಗೆ ಎದೆ ಉರಿಯುತ್ತಿತ್ತು. ಸಾರ ಅಂದರೆ ಅಬ್ರಹಾಮನ ಹೆಂಡತಿ, 90ನೇ ವಯಸ್ಸಿನಲ್ಲಿ ಇಸಾಕನನ್ನು ಹೆತ್ತವಳು. ಭಾನುವಾರದ ಆರಾಧನೆ ಮುಗಿದು ಹೊರಗೆ ಚಪ್ಪಲಿ ಮೆಟ್ಟುವಾಗ ನಮ್ಮ ಸಭೆಯ ಹಿರಿಯ ಹೆಂಗಸರು ನನ್ನ ಕೈ ಹಿಡಿದುಕೊಂಡು ಅವಳ ಕಥೆ ಹೇಳುತ್ತಿದ್ದರು. "ಸಾರಳಿಗೆ ತೊಂಬತ್ತರಲ್ಲಿ ಕೊಡಲಿಲ್ವಾ ಮಗಾ? ದೇವರ ಸಮಯ ಅಂತ ಒಂದು ಇರ್ತದೆ. ನಂಬಿಕೆ ಬಿಡಬೇಡ." ಅವರ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಮದುವೆಯಾಗಿ ಮೂರನೆಯ ವರ್ಷಕ್ಕೆ ಶುರುವಾದ ಈ ಸಮಾಧಾನ ಹದಿನಾರು ವರ್ಷ ನಡೆಯಿತು. ಸಾರ ಆದ ಮೇಲೆ ಹನ್ನ, ಹನ್ನಳಾದ ಮೇಲೆ ಎಲಿಸಬೇತ, ನಡುವೆ ರಾಹೇಲ, ರೆಬೆಕ್ಕ, ಎಲ್ಲರೂ ಬಹಳ ಕಾಲ ಕಾದು ಹೆತ್ತ ಬೈಬಲಿನ ಹೆಂಗಸರು. ಮದುವೆಯಾಗುವಾಗ ಇಸಾಕನಿಗೆ 40, ರೆಬೆಕ್ಕ ಅವಳಿ ಮಕ್ಕಳನ್ನು ಹೆರುವಾಗ ಅವನಿಗೆ 60. ಇಂಥ ಲೆಕ್ಕಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ದಾವೀದನ ಹೆಂಡತಿ ಮೀಕಲಳ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಅವಳಿಗೆ ಸಾಯುವ ತನಕ ಮಗುವಾಗಲಿಲ್ಲ ಎಂದು ಎರಡನೆಯ ಸಮುವೇಲನ ಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತದೆ.

ನನಗೂ ಆಗಲಿಲ್ಲ. ಈಗ ನನಗೆ 62 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು, ನಿವೃತ್ತಿಯಾಗಿದೆ. ಹಳೆಯ ಸಂಕಟವನ್ನು ತೋಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. "ಕಾಲ ಕೂಡಿ ಬರಬೇಕು" ಎನ್ನುವ ಮಾತು ಎಲ್ಲ ಜಾತಿ ಮತದವರ ಮನೆಯಲ್ಲೂ ಇದೆ. ಆದರೆ ಅದಕ್ಕೆ ಆಧಾರವೆಂದು ನಾವು ಕ್ರೈಸ್ತರು ತೋರಿಸುವ ಬೈಬಲಿನ ಪುಟಗಳಲ್ಲಿ ಇರುವ ಸಂಗತಿಯೇ ಬೇರೆ, ನಾನು ಕೇಳಿಸಿಕೊಂಡು ಬೆಳೆದದ್ದೇ ಬೇರೆ. ಅದು ಗೊತ್ತಾಗಲು ನನಗೆ ನಲವತ್ತೆರಡು ವರ್ಷ ಬೇಕಾಯಿತು.

ನಮ್ಮ ಮನೆ ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಸಭೆ ನಮ್ಮದು. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಹಾಗಾಗಿ ಚಿಕ್ಕಂದಿನಿಂದಲೂ ನನಗೆ ದೇವರ ಜೊತೆ ಮಾತು ಅಂದರೆ ಸತ್ಯವೇದದ, ಅಂದರೆ ಬೈಬಲಿನ, ಕನ್ನಡವೇ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳೆಲ್ಲ ಹುಟ್ಟಿದ ನೆಲವೂ ಇದೇ. ಅದಕ್ಕೋ ಏನೋ, ದೇವರ ಸಮಯವನ್ನು ನಾನು ಒಂದು ಠೇವಣಿಯ ಹಾಗೆ ತಿಳಿದುಕೊಂಡಿದ್ದೆ. ಪ್ರಾರ್ಥನೆ, ಉಪವಾಸ, ಸಂಡೇ ಸ್ಕೂಲಿನ ಪಾಠ, ಎಲ್ಲ ಜಮಾ ಆಗುತ್ತ ಹೋಗುತ್ತದೆ. ಅವಧಿ ತುಂಬಿದ ದಿನ ಬಡ್ಡಿ ಸಮೇತ ಕೈಗೆ ಬರುತ್ತದೆ. ಬಾರದಿದ್ದರೆ ಎಲ್ಲೋ ನನ್ನ ಕಂತು ತಪ್ಪಿದೆ. ಈ ಕೊನೆಯ ಯೋಚನೆ ಮನುಷ್ಯರನ್ನು ಒಳಗಿಂದ ತಿನ್ನುತ್ತದೆ. ನನ್ನನ್ನು ತಿಂದಿದೆ.

ನನಗೆ 42 ಆಗಿದ್ದಾಗ ಮಂಗಳೂರಿನ ಡಾಕ್ಟರರು ಫೈಲು ಮುಚ್ಚಿ, "ಇನ್ನು ಸಾಕು ಮಾಡುವ ಅಮ್ಮ" ಎಂದರು. ಬಸ್ಸು ಹತ್ತಿ ಕಟಪಾಡಿಯಲ್ಲಿ ಇಳಿಯುವ ತನಕ ನಾನೂ ನನ್ನವರೂ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಗಂಜಿಗೆ ನೀರಿಟ್ಟಾಗ ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ಪ್ರತಿ ಕ್ರಿಸ್ಮಸ್ಸಿಗೆ ಸಭೆಯಲ್ಲಿ ಕೊಡುವ ಕ್ಯಾಲೆಂಡರ್. ಮೇಲೆ ಹೂವಿನ ಚಿತ್ರ, ಕೆಳಗೆ ಯೆರೆಮೀಯ 29ನೇ ಅಧ್ಯಾಯದ 11ನೇ ವಚನ. ನಿಮ್ಮ ಬಗ್ಗೆ ನನಗಿರುವ ಆಲೋಚನೆ ಕೇಡಿನದ್ದಲ್ಲ, ಹಿತದ್ದು. ನಿಮಗೆ ಒಳ್ಳೆಯ ಗತಿ ಬರಲಿದೆ ಎಂದು ದೇವರು ಹೇಳುವ ಮಾತು ಅದು. ಮದುವೆ ಕಾಗದದಲ್ಲಿ, ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ಸಿಲ್ ಬಾಕ್ಸಿನಲ್ಲಿ, ರಿಕ್ಷಾದ ಹಿಂದೆ, ಎಲ್ಲಿ ನೋಡಿದರೂ ಆ ವಚನವೇ. ಕ್ಯಾಲೆಂಡರನ್ನು ಕಿತ್ತು ಅಕ್ಕಿ ಡಬ್ಬಿಯ ಹಿಂದೆ ತುರುಕಿದೆ.

ನಾಲ್ಕು ದಿನ ಕಳೆದ ಮೇಲೆ ನಮ್ಮ ಹಳೆಯ ಅಯ್ಯನವರು ಬಂದರು. ನಮ್ಮಲ್ಲಿ ಸಭಾಪಾಲಕರನ್ನು ಅಯ್ಯನವರು ಎಂದೇ ಕರೆಯುವುದು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ದೊಡ್ಡ ಪ್ರಾರ್ಥನೆ ಮಾಡುತ್ತಾರೆ ಎಂದುಕೊಂಡು ತಲೆಗೆ ಸೆರಗು ಹಾಕಿಕೊಂಡು ಕೂತೆ. ಅವರು ಗೋಡೆಯ ಮೇಲೆ ಉಳಿದಿದ್ದ ಮೊಳೆಯನ್ನು ನೋಡಿದರು, ಅಕ್ಕಿ ಡಬ್ಬಿಯ ಹಿಂದಿನಿಂದ ಇಣುಕುತ್ತಿದ್ದ ಕಾಗದವನ್ನು ನೋಡಿದರು. "ಅದು ಯಾರಿಗೆ ಬರೆದ ಕಾಗದ ಅಮ್ಮ?" ಎಂದು ಕೇಳಿದರು. ಇಪ್ಪತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದವಳು ನಾನು. ಉತ್ತರ ಗೊತ್ತಿರಲಿಲ್ಲ. "ಹನ್ನೊಂದನೇ ವಚನ ಎಲ್ಲರ ಮನೆ ಗೋಡೆಯಲ್ಲಿ ಉಂಟು. ನೀನು ಒಂದರಿಂದ ಓದು" ಎಂದು ಹೇಳಿ, ಚಾ ಕುಡಿದು ಹೋದರು.

ಒಂದರಿಂದ ಓದಿದೆ. ಕಥೆ ಹೀಗಿದೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಎಳೆಯ ಅರಸನನ್ನೂ ರಾಜಮಾತೆಯನ್ನೂ ಶಿಲ್ಪಿಗಳನ್ನೂ ಕಮ್ಮಾರರನ್ನೂ ಸೆರೆ ಒಯ್ದ. ಹಾಗೆ ಹೋದವರಿಗೆ ಊರಲ್ಲೇ ಉಳಿದ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಯೆರೆಮೀಯ ಸೆರೆಯ ಗುರುತಿಗೆಂದು ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಅವನು ದೇವಾಲಯದಲ್ಲಿ ಎಲ್ಲರ ಎದುರು ಮುರಿದು, ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಎಂದು ಸಾರುತ್ತಾನೆ. ಜನ ಕೇಳಬಯಸಿದ ಮಾತು ಅದೇ. ಯೆರೆಮೀಯನ ಕಾಗದದಲ್ಲಿರುವ ಲೆಕ್ಕ 70 ವರ್ಷ.

ಎಪ್ಪತ್ತು ವರ್ಷ ಅಂದರೆ ಏನೆಂದು ಯೋಚಿಸಿ ನೋಡಿ. ಆ ಕಾಗದವನ್ನು ಕೈಯಲ್ಲಿ ಹಿಡಿದು ಓದಿದ ಪ್ರಾಯದವರಲ್ಲಿ ಹೆಚ್ಚುಕಡಿಮೆ ಯಾರೂ ತಿರುಗಿ ಊರು ಕಾಣುವುದಿಲ್ಲ ಎಂದು ಅರ್ಥ. ಪರ್ಷಿಯದ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿಸ್ತಪೂರ್ವ 539ರಲ್ಲಿ. ಊರಿಗೆ ಹೊರಡುವ ಅಪ್ಪಣೆ ಅದಾದ ಮೇಲೆ. ನಮ್ಮ ಅಡುಗೆಮನೆಯ ಗೋಡೆಯ ಮೇಲಿದ್ದ ಆ ಸಿಹಿ ವಚನ ಹೀಗೆ ಕಾದದ್ದನ್ನು ಕಣ್ಣಾರೆ ಕಾಣದೆ ತೀರಿಹೋಗುವ ಜನಕ್ಕೆ ಬರೆದದ್ದು. ಅವರಿಗೆ ಕಾಯುತ್ತ ಕೂತಿರಿ ಎಂದೂ ಅದು ಹೇಳುವುದಿಲ್ಲ. ಮನೆ ಕಟ್ಟಿಕೊಳ್ಳಿ. ತೋಟ ಮಾಡಿಕೊಂಡು ಅದರ ಫಲ ತಿನ್ನಿ. ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಒಳ್ಳೆಯದಕ್ಕಾಗಿಯೇ ಪ್ರಾರ್ಥಿಸಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಹನ್ನೊಂದನೆಯ ವಚನ ಬರುವುದು ಇಷ್ಟೆಲ್ಲ ಹೇಳಿದ ಮೇಲೆ.

ಓದುವಾಗ ಒಂದು ಕಡೆ ನನ್ನ ಕಣ್ಣು ಸಿಕ್ಕಿಕೊಂಡಿತು. ಗಂಡು ಹೆಣ್ಣು ಮಕ್ಕಳನ್ನು ಪಡೆಯಿರಿ ಎಂದೂ ಆ ಕಾಗದದಲ್ಲಿದೆ. ಪುಸ್ತಕ ಮುಚ್ಚಿಬಿಟ್ಟೆ. ಮುಂದಿನ ಭಾನುವಾರ ಅಯ್ಯನವರಿಗೆ ಸಿಟ್ಟಿನಲ್ಲೇ ಅದನ್ನು ಹೇಳಿದೆ. ಅವರು ತಮ್ಮ ಸತ್ಯವೇದ ತೆರೆದು ಅದೇ ಪುಸ್ತಕದ 16ನೇ ಅಧ್ಯಾಯದ ಮೇಲೆ ಬೆರಳಿಟ್ಟು ನನ್ನ ಕೈಗೆ ಕೊಟ್ಟರು. ನೀನು ಮದುವೆಯಾಗಬೇಡ, ಈ ಸ್ಥಳದಲ್ಲಿ ನಿನಗೆ ಮಕ್ಕಳಾಗುವುದು ಬೇಡ ಎಂದು ದೇವರು ಯೆರೆಮೀಯನಿಗೆ ಹೇಳುತ್ತಾನೆ ಅಲ್ಲಿ. ಮಕ್ಕಳನ್ನು ಪಡೆಯಿರಿ ಎಂದು ಬೇರೆಯವರಿಗೆ ಬರೆದ ಆ ಕೈಗೆ ಎತ್ತಿಕೊಳ್ಳಲು ತನ್ನದೊಂದು ಮಗು ಇರಲಿಲ್ಲ. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಬೈಬಲಿನ ಒಬ್ಬ ಮನುಷ್ಯ ನನ್ನ ಪಕ್ಕದಲ್ಲಿ ಬಂದು ಕೂತ ಹಾಗಾಯಿತು.

ಆ ಕಾಗದ ಬಾಬೆಲಿನಲ್ಲಿ ನಾಟಿತೋ ಇಲ್ಲವೋ ಎಂದು ನನಗೆ ಬಹಳ ಕುತೂಹಲವಿತ್ತು. ಸೆರೆಯವರ ಕೈಬರಹ ನಮಗೆ ಹೆಚ್ಚೇನೂ ಸಿಕ್ಕಿಲ್ಲ. ಆದರೆ ಬಾಬೆಲಿನ ಗುಮಾಸ್ತರು ಅವರ ವ್ಯವಹಾರಗಳನ್ನು ಬರೆದಿಟ್ಟ ಮಣ್ಣಿನ ಫಲಕಗಳು ಸಿಕ್ಕಿವೆ. 2015ರಲ್ಲಿ ಯೆರೂಸಲೇಮಿನ ಒಂದು ವಸ್ತುಸಂಗ್ರಹಾಲಯದಲ್ಲಿ ಅವನ್ನು ಪ್ರದರ್ಶನಕ್ಕಿಟ್ಟರು. ಅತಿ ಹಳೆಯದು ಕ್ರಿಸ್ತಪೂರ್ವ 572ರದು. ಅವುಗಳಲ್ಲಿ ಅಲ್-ಯಾಹುದು, ಅಂದರೆ ಯೆಹೂದದ ಊರು, ಎಂಬ ಹಳ್ಳಿಯ ಹೆಸರು ಬರುತ್ತದೆ. ಬೇರೇನೂ ದೊಡ್ಡ ಸಂಗತಿ ಅಲ್ಲಿಲ್ಲ. ಗದ್ದೆ ಗೇಣಿಗೆ ಕೊಟ್ಟದ್ದು, ಜವೆಗೋದಿ ಮತ್ತು ಖರ್ಜೂರದ ಬಾಕಿ, ತೆರಿಗೆ, ಸಾಲ. ಸಮಕ್-ಯಾಮ, ಅವನ ಮಗ ರಾಫಾ-ಯಾಮ, ಅವನ ಮಗ ಅಹೀಕಾಮ್ ಎಂದು ಒಂದು ಕುಟುಂಬವನ್ನು ತಲೆಮಾರುಗಳುದ್ದಕ್ಕೂ ಗುರುತಿಸಬಹುದು. ಹೆಸರಿನ ಕೊನೆಯಲ್ಲಿರುವ ಯಾಮ ಎಂಬುದು ಯೆಹೋವ ಎಂಬ ಹೆಸರನ್ನು ಬಾಬೆಲಿನವರು ಬರೆದ ರೀತಿ. ಗೇಣಿ ಕಟ್ಟುತ್ತ, ಖರ್ಜೂರ ಬೆಳೆಯುತ್ತ, ಮಕ್ಕಳಿಗೆ ತಮ್ಮ ದೇವರ ಹೆಸರಿಡುತ್ತ ಆ ಜನ ಬದುಕಿದರು. ದೇವರ ಸಮಯವನ್ನು ನಂಬುವುದು ಎಂದರೆ ಏನೆಂದು ಈಗ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಗೇಣಿಚೀಟಿಗಳು.

ಡಾಕ್ಟರರು ಫೈಲು ಮುಚ್ಚಿದ ಆ ವರ್ಷ ಮೊದಲ ಮಳೆ ಬಿದ್ದ ಮೇಲೆ ಮನೆಯ ಎದುರಿನ ಹಡಿಲು ಜಾಗದಲ್ಲಿ ಅರವತ್ತು ಮಲ್ಲಿಗೆ ಗಿಡ ನೆಟ್ಟೆವು. ಶಂಕರಪುರ ಮಲ್ಲಿಗೆ ಎಂದರೆ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಸುತ್ತಲೂ ಎಲ್ಲರ ಅಂಗಳದಲ್ಲಿ ಇತ್ತು, ನಮ್ಮಲ್ಲಿ ಇರಲಿಲ್ಲ. ಮಗುವಾದ ಮೇಲೆ ಮನೆ ವಿಸ್ತರಿಸಬೇಕು, ಆಗ ಆ ಜಾಗ ಬೇಕು ಎಂದು ಖಾಲಿ ಬಿಟ್ಟಿದ್ದೆವು. ಹದಿನೆಂಟು ವರ್ಷ ಅಲ್ಲಿ ಹುಲ್ಲು ಬೆಳೆದಿತ್ತು. ನನ್ನವರು ಗುಂಡಿ ತೋಡುವಾಗ ಒಂದು ಮಾತೂ ಆಡಲಿಲ್ಲ. ಕೊನೆಯ ಗುಂಡಿಗೆ ಹಟ್ಟಿಗೊಬ್ಬರ ಹಾಕಿ ಮುಚ್ಚಿದವರು ಕೈ ತೊಳೆಯದೆ ಬಹಳ ಹೊತ್ತು ಅಲ್ಲೇ ಕೂತಿದ್ದರು.

ಗಿಡ ಹೂ ಬಿಡಲು ಶುರುವಾದ ಬೇಸಿಗೆಯಲ್ಲಿ ನಾನು ಬೈಬಲಿನ ಪ್ರಸಂಗಿಯ ಪುಸ್ತಕಕ್ಕೆ ಬಂದೆ. ಚಿಕ್ಕವಳಿದ್ದಾಗ ಆ ಹೆಸರಿನಿಂದಲೇ ನನಗೆ ಗೊಂದಲ. ನಮ್ಮ ಕಡೆ ಪ್ರಸಂಗ ಅಂದರೆ ಯಕ್ಷಗಾನದ್ದು. ಇನ್ನೊಂದು ಕಡೆ, ಎದುರು ಮಾತಾಡಿದರೆ ಅಮ್ಮ "ಅಧಿಕಪ್ರಸಂಗಿ" ಎಂದು ಬೈಯುತ್ತಿದ್ದರು. ಮೂಲ ಹೀಬ್ರೂವಿನಲ್ಲಿ ಅವನ ಹೆಸರು ಕೊಹೆಲೆತ್. ಸಭೆ ಕೂಡಿಸುವವನು ಎನ್ನುವ ಅರ್ಥ ಅದರಲ್ಲಿದೆ. ಪ್ರಸಂಗ ಮಾಡುವವನು ಎಂದು ಕನ್ನಡದವರು ಅದನ್ನು ತಂದರು. ಬಳ್ಳಾರಿಗೆ 1810ರಲ್ಲಿ ಬಂದ ಮಿಶನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಬೈಬಲ್ ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚಾಗುವಷ್ಟರಲ್ಲಿ 1831 ಆಗಿತ್ತು. ಅಂಥ ತಾಳ್ಮೆಯಿಂದ ನಮಗೆ ಸಿಕ್ಕಿದ ಪುಸ್ತಕದಲ್ಲಿ ಈ ಪ್ರಸಂಗಿ ನಿಜಕ್ಕೂ ಅಮ್ಮ ಹೇಳುತ್ತಿದ್ದಂಥ ಅಧಿಕಪ್ರಸಂಗಿಯೇ. ಸಭೆಯಲ್ಲಿ ಬೇರೆಯವರು ಬಾಯಿ ಬಿಡಲು ಹೆದರುವುದನ್ನು ಆಡಿಬಿಡುತ್ತಾನೆ. ನೀತಿವಂತನಿಗೆ ಕೇಡು, ದುಷ್ಟನಿಗೆ ಸುಖ, ಇದನ್ನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾನೆ. ಜಾಣನೂ ಸಾಯುತ್ತಾನೆ, ಮೂಢನೂ ಸಾಯುತ್ತಾನೆ ಎನ್ನುತ್ತಾನೆ.

ನಮ್ಮ ಬೈಬಲಿನಲ್ಲಿ ಅವನ ಬಾಯಿಂದ ಮತ್ತೆ ಮತ್ತೆ ಬರುವ ಪದ ವ್ಯರ್ಥ. ಆ ಜಾಗದಲ್ಲಿ ಹೀಬ್ರೂವಿನಲ್ಲಿ ಇರುವುದು ಹೆವೆಲ್. ಉಸಿರು, ಹಬೆ ಎಂದು ಅದರ ಅರ್ಥ. ಕಾಯಿನನ ಕೈಯಲ್ಲಿ ಸತ್ತ ತಮ್ಮ ಹೇಬೆಲನ ಹೆಸರೂ ಇದೇ ಪದ. ಇದು ತಿಳಿದ ಮೇಲೆ ನನಗೆ ಆ ಪುಸ್ತಕವೇ ಬೇರೆಯಾಯಿತು. ವ್ಯರ್ಥ ಎಂದಾಗ ಪ್ರಯೋಜನಕ್ಕೆ ಬಾರದ್ದು, ಬಿಸಾಡಬೇಕಾದದ್ದು ಎಂಬ ಧ್ವನಿ ಬರುತ್ತದೆ. ಹಬೆಯನ್ನು ಯಾರೂ ಹಾಗೆ ಹೇಳುವುದಿಲ್ಲ. ಡಿಸೆಂಬರಿನ ಬೆಳಿಗ್ಗೆ ಗಿಡಗಳ ಮೇಲೆ ನಿಂತ ಮಂಜು ಇರುವಷ್ಟು ಹೊತ್ತು ನಿಜವಾಗಿಯೂ ಇದೆ, ಮೈ ತಣ್ಣಗೆ ಮಾಡುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ನನ್ನ ಬದುಕು ಬಿಸಾಡುವಂಥದ್ದಲ್ಲ ಎಂದು ನನಗೆ ಹೇಳಿಕೊಟ್ಟದ್ದು, ಎಲ್ಲರೂ ನಿರಾಶೆಯ ಪುಸ್ತಕ ಎಂದು ಬದಿಗಿಡುವ ಈ ಪುಸ್ತಕ.

ಮೂರನೆಯ ಅಧ್ಯಾಯ ಎಲ್ಲರಿಗೂ ಗೊತ್ತು. ಹುಟ್ಟಿಗೊಂದು ಸಮಯ, ಸಾವಿಗೊಂದು ಸಮಯ ಎನ್ನುವ ಪಟ್ಟಿ. ಹದಿನಾಲ್ಕು ಜೋಡಿ, ಒಟ್ಟು 28 ಸಮಯಗಳು. ಶವಸಂಸ್ಕಾರದಲ್ಲಿ ಓದುತ್ತೇವೆ. ಹಳೆಯ ಗ್ರೀಕ್ ಅನುವಾದದಲ್ಲಿ ಈ ಪಟ್ಟಿಯ ತಲೆಯಲ್ಲೇ ಕಾಲಕ್ಕೆ ಎರಡು ಪದ ಬರುತ್ತವೆ. ಕ್ರೊನೊಸ್ ಎಂದರೆ ಗಡಿಯಾರ, ತಾರೀಕುಗಳ ಹರಿಯುವ ಕಾಲ. ಕೈರೊಸ್ ಎಂದರೆ ಒಂದು ಕೆಲಸಕ್ಕೆ ತಕ್ಕ ಹೊತ್ತು. ನಾವು ಎಂಟನೆಯ ವಚನಕ್ಕೆ ಓದುವುದನ್ನು ನಿಲ್ಲಿಸುತ್ತೇವೆ, ಅದೇ ತೊಂದರೆ. ಒಂಬತ್ತರಲ್ಲಿ ಪ್ರಸಂಗಿ, ಇಷ್ಟೆಲ್ಲ ಕಷ್ಟಪಟ್ಟು ದುಡಿಯುವವನಿಗೆ ದಕ್ಕಿದ್ದೇನು ಎಂದು ಕೇಳುತ್ತಾನೆ. ಹನ್ನೊಂದರಲ್ಲಿ, ದೇವರು ಒಂದೊಂದನ್ನೂ ಅದರದರ ಹೊತ್ತಿಗೆ ಅಂದವಾಗಿ ಮಾಡಿದ್ದಾನೆ, ಮನುಷ್ಯನ ಎದೆಯಲ್ಲಿ ಅನಂತಕಾಲದ ಹಂಬಲ ಇಟ್ಟಿದ್ದಾನೆ, ಆದರೂ ಮೊದಲಿಂದ ಕೊನೆಯ ತನಕ ಅವನ ಕೆಲಸ ಏನೆಂದು ಮನುಷ್ಯ ಕಂಡುಕೊಳ್ಳಲಾರ ಎನ್ನುತ್ತಾನೆ. ಸಮಯ ಇದೆ, ಅದರ ವೇಳಾಪಟ್ಟಿ ನಿನ್ನ ಕೈಗೆ ಬರುವುದಿಲ್ಲ. ಉಣ್ಣು, ಕುಡಿ, ನಿನ್ನ ದುಡಿಮೆಯಲ್ಲಿ ಸುಖ ಕಾಣು, ಅದು ದೇವರ ವರ ಎಂದು ಅದರ ಬೆನ್ನಿಗೇ ಹೇಳುತ್ತಾನೆ. ನನಗೆ ಚಪ್ಪಲಿ ಮೆಟ್ಟುವಾಗ ಸಮಾಧಾನ ಹೇಳಿದವರು ಆ ವೇಳಾಪಟ್ಟಿ ತಮಗೆ ಗೊತ್ತಿರುವ ಹಾಗೆ ಮಾತಾಡುತ್ತಿದ್ದರು.

ಮಲ್ಲಿಗೆ ಕೊಯ್ಯುವವರಿಗೆ ಕೈರೊಸ್ ಏನೆಂದು ಬೆರಳ ತುದಿಗೆ ಗೊತ್ತು. ಕತ್ತಲಿರುವಾಗಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಗಿಡಕ್ಕೆ ಹೋಗಬೇಕು. ಒಂದೇ ಗೊಂಚಲಿನಲ್ಲಿ ಇವತ್ತಿನ ಮೊಗ್ಗೂ ಇರುತ್ತದೆ, ನಾಳೆಯದೂ. ಇವತ್ತಿನದು ತುಂಬಿಕೊಂಡು ಬಿಳಿಯಾಗಿರುತ್ತದೆ. ನಾಳೆಯದಕ್ಕೆ ಇನ್ನೂ ಹಸಿರು ಛಾಯೆ. ನಾಳೆಯದನ್ನು ಇವತ್ತು ಕಿತ್ತರೆ ಅದು ಬಿರಿಯುವುದೇ ಇಲ್ಲ. ಇವತ್ತಿನದನ್ನು ಬಿಟ್ಟರೆ ಗಿಡದಲ್ಲೇ ಅರಳಿ ಮಾರಾಟಕ್ಕೆ ಆಗುವುದಿಲ್ಲ. ಕೊಯ್ದು ತಂದು ಒದ್ದೆ ಬಾಳೆನಾರಿನಲ್ಲಿ ಕಟ್ಟಬೇಕು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟರಲ್ಲಿ ಆ ದಿನದ ದರ ಶಂಕರಪುರದಲ್ಲಿ ನಿಗದಿಯಾಗಿ ಬರುತ್ತದೆ. ಗಿಡಕ್ಕೆ ಕಡಲೆಹಿಂಡಿ ಹಾಕಿದ್ದು ನಾನು, ಮೊಗ್ಗು ಎಣಿಸಿದ್ದು ನಾನು, ದರ ನನ್ನ ಕೈಲಿಲ್ಲ.

ಮೊಗ್ಗಿನ ಹಾಗೆಯೇ ನಮ್ಮ ಬದುಕು, ಹೊತ್ತಿಗೆ ಸರಿಯಾಗಿ ಬಿರಿಯುತ್ತದೆ ಎಂದು ಒಬ್ಬರು ಉಪದೇಶಿಗಳು ಒಮ್ಮೆ ನಮ್ಮಲ್ಲಿ ಪ್ರಸಂಗ ಮಾಡಿದರು. ನನಗೆ ಒಪ್ಪಿಗೆಯಾಗಲಿಲ್ಲ. ಮೊಗ್ಗಿನ ಹೊತ್ತು ನನ್ನ ಕಣ್ಣಿಗೆ ಕಾಣುತ್ತದೆ. ನನ್ನ ಬದುಕಿನದು ಕಾಣುವುದಿಲ್ಲ. ಪ್ರಸಂಗಿ ಹೇಳುವುದು ಈ ವ್ಯತ್ಯಾಸವನ್ನೇ. ಹನ್ನೊಂದನೆಯ ಅಧ್ಯಾಯದಲ್ಲಿ ಅವನ ಮಾತು ಪೂರ್ತಿ ಬೇಸಾಯಗಾರನದು. ಗಾಳಿಯನ್ನೇ ನೋಡುತ್ತ ನಿಂತವನು ಬಿತ್ತುವುದಿಲ್ಲ. ಬೆಳಿಗ್ಗೆಯೂ ಬಿತ್ತು, ಸಂಜೆಯೂ ಕೈ ಬಿಡಬೇಡ, ಯಾವುದು ಫಲಿಸುತ್ತದೆ ಎಂದು ನಿನಗೆ ತಿಳಿಯದು.

ಯೋಸೇಫನ ಕಥೆಯನ್ನೂ ಈಗ ಹಾಗೆಯೇ ಓದುತ್ತೇನೆ. 17ನೇ ವಯಸ್ಸಿನ ಹುಡುಗ ಅಣ್ಣಂದಿರ ಕೈಯಿಂದ ಮಾರಾಟವಾಗಿ, ಫರೋಹನ ಮುಂದೆ ನಿಂತಾಗ ಅವನಿಗೆ 30. ಸೆರೆಮನೆಯಲ್ಲಿ ಜೊತೆಗಿದ್ದು ಬಿಡುಗಡೆಯಾದ ಅರಸನ ಪಾನದಾಯಕ ಅವನನ್ನು ಮರೆತ ಮೇಲೆ ಇನ್ನೂ ಎರಡು ವರ್ಷ ಸೆರೆಮನೆ. ನಮಗೆ ಕೊನೆ ಗೊತ್ತಿದೆ, ಅದಕ್ಕೆ ಆ ಎರಡು ವರ್ಷವನ್ನು ಒಂದೇ ವಾಕ್ಯದಲ್ಲಿ ದಾಟುತ್ತೇವೆ. ಅವನಿಗೆ ಗೊತ್ತಿರಲಿಲ್ಲ.

ನಂಬಿಕೆ ಅಂದರೆ ಸುಮ್ಮನಿರುವುದು ಎಂದು ನನಗೆ ಕಲಿಸಿದ್ದರು. ಸತ್ಯವೇದ ಹಾಗೆ ಕಲಿಸುವುದಿಲ್ಲ. 13ನೇ ಕೀರ್ತನೆ ಎಷ್ಟು ಚಿಕ್ಕದು, ಅದರಲ್ಲೇ ಎಷ್ಟರ ತನಕ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಅದೂ ದೇವರ ಮುಖಕ್ಕೇ. ಬೇಥಾನ್ಯದ ಲಾಜರನಿಗೆ ಕಾಯಿಲೆ ಎಂದು ಸುದ್ದಿ ಬಂದ ಮೇಲೂ ಯೇಸುಸ್ವಾಮಿ ಇದ್ದಲ್ಲೇ ಎರಡು ದಿನ ಉಳಿದರು ಎಂದು ಯೋಹಾನ ಬರೆಯುತ್ತಾನೆ. ಬರುವಷ್ಟರಲ್ಲಿ ಸಮಾಧಿ ಮಾಡಿ ನಾಲ್ಕು ದಿನ. ಅಕ್ಕ ಮಾರ್ಥ ಮನೆಯಲ್ಲಿ ಕೂತು ಕಾಯಲಿಲ್ಲ, ದಾರಿಗೇ ಹೋಗಿ, ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಎದುರಿಗೇ ಹೇಳಿದಳು. ಯೇಸು ಅವಳನ್ನು ಗದರಲಿಲ್ಲ. ಸಮಾಧಿಗೆ ಹೋಗುವಾಗ ಅತ್ತರು. ನಲವತ್ತೆರಡನೆಯ ವಯಸ್ಸಿನವರೆಗೆ ನಾನು ದೇವರಿಗೆ ಅರ್ಜಿ ಹಾಕುತ್ತಿದ್ದೆ. ಆಮೇಲೆ ಜಗಳ ಕಲಿತೆ. ಜಗಳ ಆಡಿದ ಮೇಲೆಯೇ ನನಗೆ ಅವರ ಸಾಮೀಪ್ಯ ಸಿಕ್ಕಿದ್ದು.

ಹೋದ ತಿಂಗಳು ನಮ್ಮ ಸಭೆಯ ಒಬ್ಬಳು ಹುಡುಗಿ ಬೆಳಿಗ್ಗೆ ಏಳಕ್ಕೇ ಬಂದಳು. ಮದುವೆಯಾಗಿ ಆರು ವರ್ಷ. ಹಿಂದಿನ ದಿನ ಆಸ್ಪತ್ರೆಯಿಂದ ರಿಪೋರ್ಟ್ ಬಂದಿತ್ತು. ಬಾಗಿಲಲ್ಲೇ ನಿಂತು, "ಆಂಟಿ, ನೀವು ಹೇಗೆ ತಡ್ಕೊಂಡ್ರಿ?" ಎಂದಳು. ಸಾರಳ ಹೆಸರು ಎತ್ತಲಿಲ್ಲ, ಮೀಕಲಳದನ್ನೂ ಎತ್ತಲಿಲ್ಲ. ಅವಳಿಗೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲವಲ್ಲ. ಜಗಲಿಯಲ್ಲಿ ಚಾಪೆ ಹಾಸಿತ್ತು, ಮಧ್ಯದಲ್ಲಿ ಮೊಗ್ಗಿನ ರಾಶಿ. ಪಕ್ಕಕ್ಕೆ ಸರಿದು ಜಾಗ ಮಾಡಿದೆ. ಅವಳು ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಬಾಳೆನಾರು ತೆಗೆದುಕೊಂಡಳು. ಎರಡು ಗಂಟೆ ಕಟ್ಟಿದೆವು. ನಡುವೆ ಒಮ್ಮೆ ಯೆರೆಮೀಯನ ವಿಷಯ ಬಂತು, ಅವನಿಗೆ ಮಕ್ಕಳಿರಲಿಲ್ಲ ಎಂದಾಗ ತಲೆಯೆತ್ತಿ, "ಹೌದಾ?" ಎಂದಳು.

ಅಂಗಡಿಗೆ ಕೊಡುವ ಹೊತ್ತಾಯಿತು. ಅವಳು ಕಟ್ಟಿದ್ದು ಅರ್ಧ ಚೆಂಡು, ಗಂಟು ಸಡಿಲ, ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಅದನ್ನು ಅವಳ ಜಡೆಗೇ ಮುಡಿಸಿ ಕಳಿಸಿದೆ. ಸಂಜೆಯ ಹೊತ್ತಿಗೆ ಬಿರಿದಿರಬೇಕು.